ಟ್ರಂಕ್ ಬೋರ್ಡಿನ ಆಚೆಯ ದನಿ

ಮಾನ್ವಿಯ ಟೆಲಿಫೋನ್ ಎಕ್ಸ್‌ಚೇಂಜಿನ ಗಂಟೆ ಹಿಂದಿನ ಓಣಿಯ ಕಮರುನ್ನೀಸಾಳ ಮನೆಗೂ ಕೇಳುತ್ತಿತ್ತು. ಅಲ್ಲಿ ಆಕೆ ಹೊಸ ಆಪರೇಟರ್. ಊರೊಳಗಿನ ಫೋನುಗಳನ್ನಷ್ಟೇ ಜೋಡಿಸಬಹುದು. ಪರವೂರುಗಳಿಗೆ ಕರೆ ಜೋಡಿಸುವ ಟ್ರಂಕ್ ಬೋರ್ಡು ಮುಟ್ಟಲು ಹಿರಿಯಳಾದ ಆದೆಮ್ಮನಿಗೆ ಮಾತ್ರ ಅಪ್ಪಣೆ. ದೇವದುರ್ಗದ ಟ್ರಂಕ್ ಬೋರ್ಡಿನ ಮುಂದೆ ಕೂರುತ್ತಿದ್ದವಳು ಕಮರುನ್ನೀಸಾಳ ಅಕ್ಕ ಅಮೀರ್ ಬೀ. ಅಬ್ಬಾನ ಮಾತು ಮೀರಿ ಮದುವೆಯಾದ ಮೇಲೆ ಅವಳಿಗೆ ತವರಿನ ಬಾಗಿಲು ಮುಚ್ಚಿತ್ತು.

“ನಿಮ್ಮಕ್ಕಗ ಇವತ್ತು ನೆಗಡಿ ಆಗ್ಯಾದ ನೋಡು,” ಎಂದು ಆದೆಮ್ಮ ಲೈನಿನಲ್ಲಿ ತಾನು ಕೇಳಿದ ಅಕ್ಕನ ದನಿಯ ಸುದ್ದಿ ಹೇಳುತ್ತಿದ್ದಳು.

ಒಂದು ಮಧ್ಯಾಹ್ನ ಪಾಳಿ ಮುಗಿಯುವ ಹೊತ್ತಿಗೆ ಆದೆಮ್ಮ ಹೆಡ್‌ಫೋನ್ ಕಳಚಿ ಚಾಚಿದಳು. “ಆಫೀಸಿನ್ಯಾಗ ಸಾಹೇಬ್ರು ಇಲ್ಲ. ಅಕ್ಕ ಲೈನಿನ್ಯಾಗ ಅದಾಳ. ಒಂದ್ ಮಾತಾಡು ಬೇ.”

ಕಮರುನ್ನೀಸಾ ಕಿವಿಗಿಟ್ಟುಕೊಂಡಳು. “ಹಲೋ ಮಾನ್ವಿ,” ಎಂದು ಅಕ್ಕ ಕೆಮ್ಮಿದಳು. ಕಮರುನ್ನೀಸಾ ಕೂಡಲೇ ಹೆಡ್‌ಫೋನ್ ಕಳಚಿ ಆದೆಮ್ಮನಿಗೆ ಮರಳಿಸಿದಳು.

“ಕದ್ದು ಒಂದ್ ಮಾತು ಬ್ಯಾಡ್ರಿ. ನಾ ಈಗ ಹೋಗಿ ಅಬ್ಬಾಗ ಹೇಳ್ತೀನಿ, ಅಕಿನ್ನ ಮನಿಗೆ ಕರೀರಿ ಅಂತ,” ಎನ್ನುತ್ತಲೇ ಬಾಗಿಲು ದಾಟಿದಳು.