ಸರ್ಟಿಫಿಕೇಟಿಲ್ಲದ ಕೈ

ಪರೀಕ್ಷೆ ಕಟ್ಟಿ ಫೇಲಾದರೆ, ಈಗ ಗೊತ್ತಿರುವುದೂ ಗೊತ್ತಿಲ್ಲವೆಂದು ಆಗಿಬಿಡುತ್ತದೆಯೇ? ಬೆಳಿಗ್ಗೆ ಆರೂವರೆಗೆ ಶಾಲೆಯ ಗ್ರಂಥಾಲಯದ ಹಿಂದಿನ ಕೋಣೆಯಲ್ಲಿ ದೀಪ ಹಾಕುತ್ತಾ ಡಾರ್ಲಾ ವೊಯ್ಚಿಕ್ ತಮ್ಮನ್ನೇ ಕೇಳಿಕೊಳ್ಳುವ ಪ್ರಶ್ನೆಯಿದು. ಇದನ್ನು ಯಾರ ಮುಂದೆಯೂ ಆಡಿಲ್ಲ. ಆಡುವಷ್ಟು ದೊಡ್ಡದಲ್ಲ ಎಂದುಕೊಂಡಿದ್ದಾರೆ.

ಮೇಜಿನ ಮೇಲೆ ನಿನ್ನೆಯ ಹನ್ನೊಂದು ಲ್ಯಾಪ್‌ಟಾಪ್‌ಗಳು ಕಾಯುತ್ತಿವೆ. ಮೊದಲನೆಯದರ ಚಾರ್ಜರ್ ಚುಚ್ಚುವ ತೂತನ್ನು ಬೆಳಕಿಗೆ ಹಿಡಿದು, ಮರದ ಹಲ್ಲುಕಡ್ಡಿಯಿಂದ ಮೆಲ್ಲಗೆ ಕೆದಕುತ್ತಾರೆ. ಪೆನ್ಸಿಲ್ ಸೀಸದ ಚೂರೊಂದು ಉದುರುತ್ತದೆ.

"ಇದು ಮೂರನೇ ಕ್ಲಾಸಿನವ್ರ ಕೆಲಸ. ಐದನೇ ಕ್ಲಾಸಾದ್ರೆ ಚೂಯಿಂಗ್ ಗಮ್ಮು. ಒಂದನೇ ಕ್ಲಾಸಿನವ್ರು ಚೀಸ್ ಬಿಸ್ಕತ್ತು ತುರುಕ್ತಾರೆ, ಪಾಪ, ಅದಕ್ಕೂ ಹಸಿವಾಗುತ್ತೆ ಅಂತ."

ಒಹಾಯೊದ ಈ ಸಣ್ಣ ಊರಿನ ಶಾಲೆಯಲ್ಲಿ ನಾನೂರ ಹನ್ನೆರಡು ಮಕ್ಕಳು, ಅಷ್ಟೇ ಲ್ಯಾಪ್‌ಟಾಪ್‌ಗಳು. ವಾರಕ್ಕೆ ಮೂವತ್ತಾದರೂ ಡಾರ್ಲಾ ಅವರ ಕೈಗೆ ಬರುತ್ತವೆ. ದಾಖಲೆಯಲ್ಲಿ ಅವರು ಗ್ರಂಥಾಲಯ ಸಹಾಯಕಿ. ಕಾರಿನ ಪ್ಲಾಸ್ಟಿಕ್ ಬಿಡಿಭಾಗ ಮಾಡುವ ಕಾರ್ಖಾನೆ ಮುಚ್ಚಿದ ಮೇಲೆ, ಪುಸ್ತಕಗಳಿಗೆ ಚೀಟಿ ಅಂಟಿಸಲು ಇಲ್ಲಿಗೆ ಬಂದವರು. ನಾಲ್ಕು ವರ್ಷದ ಹಿಂದೆ ಪೆಟ್ಟಿಗೆಗಟ್ಟಲೆ ಲ್ಯಾಪ್‌ಟಾಪ್ ಬಂದಿಳಿದವು. "ಯಾರೂ ಮುಟ್ಟಲಿಲ್ಲ, ನಾನು ಮುಟ್ಟಿದೆ. ಅಷ್ಟೇ ನೋಡಿ," ಎನ್ನುತ್ತಾರೆ. ಕೆಟ್ಟುಹೋದದ್ದರ ಕೀಬೋರ್ಡಿನ ಗುಂಡಿ ಕಿತ್ತು ಇನ್ನೊಂದಕ್ಕೆ ಕೂರಿಸುವುದನ್ನು ಹೀಗೆ ಕೈಯಾಡಿಸಿಯೇ ಕಲಿತರು.

ಈ ವಸಂತದಲ್ಲಿ ಶಾಲೆಗೊಂದು ತಂತ್ರಜ್ಞರ ಹುದ್ದೆ ಮಂಜೂರಾಗಿದೆ. ಈಗ ಮಾಡುತ್ತಿರುವುದೇ ಕೆಲಸ, ಗಂಟೆಗೆ ಆರು ಡಾಲರ್ ಹೆಚ್ಚು. ಆದರೆ ಕಂಪ್ಯೂಟರ್ ದುರಸ್ತಿಯ ಆರಂಭದ ಹಂತದ ಸರ್ಟಿಫಿಕೇಟ್ ಬೇಕು. ಎರಡು ಪರೀಕ್ಷೆ, ಒಟ್ಟು ಐನೂರು ಡಾಲರ್ ದಾಟುತ್ತದೆ. ಫೇಲಾದರೆ ಮತ್ತೆ ಕಟ್ಟಬೇಕು. ಪಾಸಾದರೂ ಮೂರೇ ವರ್ಷದ ಬಾಳಿಕೆ. ಪರೀಕ್ಷೆಗೆ ದುಡ್ಡು ಕಟ್ಟಿ ಅರ್ಜಿ ಹಾಕಲು ಶುಕ್ರವಾರ ಕೊನೆಯ ದಿನ. ಇವತ್ತು ಗುರುವಾರ.

ನೆಲ ಒರೆಸುವ ರಸ್ ಟಿಬೆಟ್ಸ್ ಕಾಫಿ ಹಿಡಿದು ಬಾಗಿಲಲ್ಲಿ ನಿಲ್ಲುತ್ತಾರೆ.

"ಏನ್ ಡಾಕ್ಟ್ರೇ, ಇವತ್ತೆಷ್ಟು ಹೆಣ?"

"ಹೆಣ ಯಾವ್ದೂ ಇಲ್ಲ, ಎಲ್ಲಾ ನೆಗಡಿ ಕೇಸು."

"ಪರೀಕ್ಷೆ ಕಥೆ ಏನಾಯ್ತು?"

"ಮನೇಲಿ ಮಾದರಿ ಪರೀಕ್ಷೆ ಬರ್ದೆ. ನೂರಕ್ಕೆ ಅರವತ್ತೊಂದು, ಪಾಸಾಗೋಕೆ ಸಾಲಲ್ಲ. ಪ್ರಿಂಟರ್ ಹೊಟ್ಟೆ ಒಳಗೆ ಏಳು ಹಂತ ನಡಿಯುತ್ತಂತೆ, ಸಾಲಾಗಿ ಹೇಳ್ಬೇಕಂತೆ. ನನಗೆ ಗೊತ್ತಿರೋದು ಎರಡೇ. ಮುಚ್ಚಳ ತೆಗಿ, ಸಿಕ್ಕಿದ ಹಾಳೆ ಎಳಿ."

"ಬೈಯೋದನ್ನ ಬಿಟ್ಟೆ ನೀನು. ಅದೂ ಸೇರಿದ್ರೆ ಮೂರು ಹಂತ."

ರಸ್ ನಗುತ್ತಾರೆ. ಆದರೆ ಡಾರ್ಲಾ ಅವರಿಗೆ ಪರೀಕ್ಷೆಗೆಂದು ಓದುತ್ತಿರುವ ಪುಸ್ತಕದ ಮೇಲೆ ತಾತ್ಸಾರವಿಲ್ಲ. ಉಬ್ಬಿದ ಹಳೆಯ ಬ್ಯಾಟರಿಗಳನ್ನು ಅವರು ಮೇಜಿನ ಖಾನೆಯಲ್ಲಿ ಒಂದರ ಮೇಲೊಂದು ಪೇರಿಸಿಟ್ಟಿದ್ದರು. ಅವು ಹೊತ್ತಿಕೊಳ್ಳಬಹುದೆಂದು ಹೇಳಿದ್ದು ಪುಸ್ತಕವೇ. "ಓದಿದ ದಿನವೇ ಎತ್ತಿ ಸಾಗಿಸಿದೆ. ಅಷ್ಟು ದಿನ ಮಕ್ಕಳು ಪಕ್ಕದಲ್ಲೇ ಕೂತು ಕಥೆ ಓದ್ತಿದ್ರು."

ಪುಸ್ತಕದಲ್ಲಿ ಸಿಗದ್ದೂ ಇದೆ. ಕಳೆದ ತಿಂಗಳು ಪ್ರತಿ ಸೋಮವಾರ ನಾಲ್ಕನೇ ಕ್ಲಾಸಿನ ಚಾರ್ಜಿಂಗ್ ಗಾಡಿಯಲ್ಲಿ ರಾತ್ರಿ ಚಾರ್ಜಿಗೆ ಇಡುವ ಮೂವತ್ತೂ ಲ್ಯಾಪ್‌ಟಾಪ್ ಸತ್ತು ಬಿದ್ದಿರುತ್ತಿದ್ದವು. ಹೊರಗಿನಿಂದ ಬಂದ, ಸರ್ಟಿಫಿಕೇಟ್ ಇದ್ದ ತಂತ್ರಜ್ಞರೊಬ್ಬರು ಬ್ಯಾಟರಿಗಳೆಲ್ಲ ಹೋಗಿವೆ ಎಂದು ಬರೆದುಕೊಟ್ಟರು. ಮೂವತ್ತು ಒಟ್ಟಿಗೇ ಹೋಗುವುದುಂಟೇ ಎಂದು ಡಾರ್ಲಾ ಅವರಿಗೆ ಅನುಮಾನ. ಊಟದ ಹೊತ್ತಿನಲ್ಲಿ ರಸ್ ಅವರನ್ನು ಕೇಳಿದರು, "ಶುಕ್ರವಾರ ನೆಲ ಪಾಲಿಶ್ ಮಾಡೋ ಮಿಷನ್ನಿಗೆ ಕರೆಂಟು ಎಲ್ಲಿಂದ ತಗೋತೀಯ?"

"ಆ ಗಾಡಿ ಪ್ಲಗ್ ಕಿತ್ತು..." ಎಂದವರು ಸ್ಯಾಂಡ್‌ವಿಚ್ ಕೆಳಗಿಟ್ಟರು. "ಅಯ್ಯೋ ದೇವ್ರೇ. ವಾಪಸ್ ಹಾಕಿಲ್ಲ."

ಈಗ ಆ ಪ್ಲಗ್ಗಿಗೆ ಕೆಂಪು ಟೇಪು ಸುತ್ತಿದೆ. ಹೊಸ ಬ್ಯಾಟರಿಗಳ ಬೇಡಿಕೆ ರದ್ದಾಯಿತು. ಯಾರು ಕಂಡುಹಿಡಿದರೆಂದು ಯಾವ ಕಾಗದದಲ್ಲೂ ಇಲ್ಲ.

ಗಂಟೆ ಹೊಡೆಯಲು ಹತ್ತು ನಿಮಿಷವಿರುವಾಗ ಮುಖ್ಯೋಪಾಧ್ಯಾಯಿನಿ ಲೊರೇನ್ ಪೆಟಿಬೋನ್ ತಮ್ಮ ಲ್ಯಾಪ್‌ಟಾಪ್ ಹಿಡಿದು ಬರುತ್ತಾರೆ. ಪರದೆ ಕಪ್ಪಾಗಿದೆ. ಡಾರ್ಲಾ ಎರಡು ಗುಂಡಿ ಒಟ್ಟಿಗೆ ಒತ್ತಿ ಹಿಡಿಯುತ್ತಾರೆ. ಬೆಳಕು ಬರುತ್ತದೆ.

"ನೀವಿಲ್ದಿದ್ರೆ ನಮ್ಮ ಗತಿ ಏನು ಹೇಳಿ!" ಎನ್ನುತ್ತಾರೆ ಪೆಟಿಬೋನ್. "ಅಂದ ಹಾಗೆ, ನಾಳೆನೇ ಕೊನೇ ದಿನ. ಪರೀಕ್ಷೆ ದುಡ್ಡು ಕಟ್ಟಿದ್ರಾ?"

ಇಂಥ ಮಾತಿಗೆಲ್ಲ 'ನೋಡ್ತೀನಿ' ಎಂದು ತಲೆ ತಗ್ಗಿಸುವುದು ಡಾರ್ಲಾ ಅವರ ರೂಢಿ. ಇವತ್ತೂ ತಲೆ ತಗ್ಗುತ್ತದೆ. ಸ್ಕ್ರೂಡ್ರೈವರನ್ನು ಮೇಜಿನ ಮೇಲೆ ನೆಟ್ಟಗೆ ಇಡುತ್ತಾರೆ. ಕಿವಿ ಕೆಂಪಾಗಿದೆ.

"ಓದ್ತೀನಿ, ಮಿಸೆಸ್ ಪೆಟಿಬೋನ್. ಪರೀಕ್ಷೆನೂ ಬರೀತೀನಿ. ಫೇಲಾದ್ರೂ ಆಗ್ಬಹುದು, ನನಗೆ ಅದೇ ಭಯ. ಆದ್ರೆ ದುಡ್ಡು ನಾನು ಕಟ್ಟಲ್ಲ. ನಾಲ್ಕು ವರ್ಷದಿಂದ ಈ ಕೆಲಸ ಮಾಡ್ತಿರೋಳು ನಾನೇ. ಆ ಕಾಗದ ಬೇಕಾಗಿರೋದು ಶಾಲೆಗೆ."