ಡ್ಯೂಕ್ ಸಾಹೇಬರ ಸ್ಟೂಲು, ನನ್ನ ವೀಳ್ಯ

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ತರೀಕೆರೆಯಲ್ಲಿ ನನ್ನ ಕೈಕೆಳಗೆ ಇತಿಹಾಸ ಓದಿದ ಯಾರನ್ನು ಕೇಳಿದರೂ ಹೇಳುತ್ತಾರೆ. ಅದಕ್ಕೇ ಇರಬೇಕು, ನಿವೃತ್ತಿಯಾದ ಮೇಲೆ ನನಗೆ ಹಿಡಿಸಿದ್ದು ನನಗಿಂತ ಸಿಟ್ಟಿನ ಮನುಷ್ಯರೊಬ್ಬರ ಸಹವಾಸ. ಅವರು ಸತ್ತು ಇನ್ನೂರೈವತ್ತು ವರ್ಷದ ಮೇಲಾಯಿತು. ಫ್ರಾನ್ಸಿನ ದೊಡ್ಡ ಮನೆತನದವರು. ರಾಜನ ಅರಮನೆಯಲ್ಲಿ ಬಾಳಿ, ಒಮ್ಮೆ ರಾಯಭಾರಿಯಾಗಿ ಹೋಗಿಬಂದು, ಮುಪ್ಪಿನಲ್ಲಿ ಕೂತು ಕಂಡದ್ದನ್ನೆಲ್ಲ ಬರೆದಿಟ್ಟವರು. ಅವರ ನೆನಪುಗಳ ಇಂಗ್ಲಿಷ್ ಸಂಪುಟಗಳು ಹಳೇ ಪುಸ್ತಕದಂಗಡಿಯಲ್ಲಿ ಸಿಕ್ಕಿದವು. ನಾನು ಅವರನ್ನು ಡ್ಯೂಕ್ ಸಾಹೇಬರು ಎನ್ನುತ್ತೇನೆ.

ಮೊದಲ ಸಂಪುಟ ಓದುವಾಗ ನಕ್ಕು ನಕ್ಕು ಸಾಕಾಯಿತು. ಆ ಅರಮನೆಯಲ್ಲಿ ರಾಣಿಯ ಎದುರು ಡ್ಯೂಕುಗಳ ಹೆಂಡತಿಯರಿಗೆ ಮಾತ್ರ ಕೂರಲು ಒಂದು ಸ್ಟೂಲು. ಬೆನ್ನಿಗೆ ಆಸರೆಯಿಲ್ಲ, ಕೈಗೆ ಆಸರೆಯಿಲ್ಲ, ನಮ್ಮ ಮಣೆಗೆ ಕಾಲು ಬಂದ ಹಾಗೆ. ಉಳಿದ ಹೆಂಗಸರು ಕಾಲು ಊದಿದರೂ ನಿಂತೇ ಇರಬೇಕು. ಆ ಸ್ಟೂಲು ಯಾರಿಗೆ ಸಲ್ಲಬೇಕು, ಯಾರಿಗೆ ಸಲ್ಲಬಾರದು ಎಂದು ಸಾಹೇಬರು ಪುಟಗಟ್ಟಲೆ ಜಗಳವಾಡುತ್ತಾರೆ. ಸೈನ್ಯದಲ್ಲಿ ತನ್ನನ್ನು ಬಿಟ್ಟು ಬೇರೆಯವರಿಗೆ ಬಡ್ತಿ ಕೊಟ್ಟರೆಂದು ಕೆಲಸವನ್ನೇ ಬಿಟ್ಟುಬಂದ ಆಸಾಮಿ. ನ್ಯಾಯಾಧೀಶರು ಡ್ಯೂಕುಗಳನ್ನು ಮಾತಾಡಿಸುವಾಗ ಟೊಪ್ಪಿಗೆ ತೆಗೆಯುವುದಿಲ್ಲವೆಂದು ವರ್ಷಾನುಗಟ್ಟಲೆ ಹಗೆ ಸಾಧಿಸಿದರು. ಕೂತು ಉಣ್ಣುವವರಿಗೆ ಇನ್ನೇನು ಕೆಲಸ ಎಂದುಕೊಂಡೆ.

ಆ ನಗು ನಿಂತದ್ದು ನಮ್ಮ ಕಡೆಯ ಒಂದು ಮದುವೆಯಲ್ಲಿ. ನನ್ನ ತವರು ಅಜ್ಜಂಪುರದ ಹತ್ತಿರದ ಹಳ್ಳಿ, ಶಿವನಿ ಸ್ಟೇಷನ್ನಿನಿಂದ ಸ್ವಲ್ಪ ದೂರ. ಅಲ್ಲಿ ಮದುವೆಯಿರಲಿ, ನಿಶ್ಚಿತಾರ್ಥವಿರಲಿ, ಊರ ಹಿರಿಯರೊಬ್ಬರು ಚಪ್ಪರದ ನಡುವೆ ನಿಂತು ನೆಂಟರ ಮನೆಗಳನ್ನು ಒಂದೊಂದಾಗಿ ಕೂಗುತ್ತಾರೆ. ಕೂಗಿದ ಮನೆಯ ಯಜಮಾನ ಎದ್ದುಬಂದು ಎಲೆ ಅಡಿಕೆ ತೆಗೆದುಕೊಳ್ಳಬೇಕು. ಕೂಗಿದ ವೀಳ್ಯವನ್ನು ಹಿಂದಕ್ಕೆ ಇಡುವ ಹಾಗಿಲ್ಲ, ಅದನ್ನು ತೆಗೆದುಕೊಳ್ಳುವವರೆಗೆ ಮುಂದಿನ ಮನೆ ಕೂಗುವ ಹಾಗೂ ಇಲ್ಲ. ನನ್ನ ಯಜಮಾನರು ಇದ್ದಾಗ ಅವರ ಹೆಸರು ಕೂಗುತ್ತಿದ್ದರು. ಅವರು ಹೋದ ಮೇಲೆ ನಡೆದ ಆ ಮದುವೆಯಲ್ಲೂ ಅವರದೇ ಹೆಸರು ಕೂಗಿದರು, ಎದ್ದುಹೋಗಿ ತೆಗೆದುಕೊಂಡವನು ನನ್ನ ಮೈದುನ. ಅವನ ಮನೆ ಬೇರೆ, ನನ್ನ ಮನೆ ಬೇರೆ. ಖಾತೆ ನನ್ನ ಹೆಸರಿನಲ್ಲಿದೆ, ಕಂದಾಯ ಕಟ್ಟುವವಳು ನಾನು. ವೀಳ್ಯ ಮಾತ್ರ ಅವನಿಗೆ! ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತಿದ್ದ ನಾನು ಊಟಕ್ಕೂ ಕೂರದೆ ಹೊರಟುಬಿಟ್ಟೆ. ತರೀಕೆರೆಗೆ ಬಂದು ಸಾಹೇಬರ ಪುಸ್ತಕ ತೆಗೆದರೆ ಯಾವ ಸಾಲಿಗೂ ನಗು ಬರಲಿಲ್ಲ.

ಮೊನ್ನೆ ನನ್ನ ತಮ್ಮನ ಮಗಳಿಗೆ ಸಖರಾಯಪಟ್ಟಣದ ಕಡೆಯ ಸಂಬಂಧ ಗೊತ್ತಾಯಿತು. ಪಿಯುಸಿಯಿಂದ ಡಿಗ್ರಿಯವರೆಗೆ ನನ್ನ ಮನೆಯಲ್ಲೇ ಇದ್ದು ಓದಿದ ಹುಡುಗಿ. ನಿಶ್ಚಿತಾರ್ಥಕ್ಕೆ ಕರೆಯಲು ಬಂದ ತಮ್ಮನಿಗೆ ಕಾಫಿ ಕೊಟ್ಟು, ನಿಂತೇ ಹೇಳಿದೆ. "ನನ್ನ ಮನೆ ವೀಳ್ಯ ನನ್ನ ಹೆಸರಲ್ಲಿ ಕೂಗಬೇಕು, ನನ್ನ ಕೈಗೇ ಕೊಡಬೇಕು."

ಅವನು ಲೋಟ ಕೆಳಗಿಟ್ಟ. "ನಂದೇನೂ ಅಡ್ಡಿ ಇಲ್ಲ ಕಣಕ್ಕ. ಬೀಗರು ಹಳೇ ಕಾಲದೋರು. ಗಂಡ ಇಲ್ದೋರಿಗೆ ವೀಳ್ಯ ಕೊಟ್ರು ಅಂತ ಎದ್ದು ಹೋಗ್ಬಿಟ್ರೆ ಮಗಿ ಗತಿ ಏನು?"

"ಅಲ್ಲಿ ಮಾತು ಯಾರದು ನಡೆಯೋದು?"

"ಹುಡುಗನ ಅಜ್ಜೀದು. ಆ ಯಮ್ಮ ಹಾಕಿದ ಗೆರೆ ಯಾರೂ ದಾಟಲ್ಲ."

"ಹಂಗಾದ್ರೆ ನಾನೇ ಹೋಗ್ಬತ್ತೀನಿ" ಎಂದೆ.

ಡ್ಯೂಕ್ ಸಾಹೇಬರೂ ರಾಯಭಾರಿಯಾಗಿ ಹೋದದ್ದು ಹೆಣ್ಣು ಗಂಡಿನ ವ್ಯವಹಾರಕ್ಕೇ. ಎಳೆಯ ರಾಜನಿಗೆ ಸ್ಪೇನಿನ ಪುಟ್ಟ ರಾಜಕುಮಾರಿಯನ್ನು ಕೇಳಲು ಸಾರೋಟು, ಆಳುಕಾಳು, ಜರತಾರಿಯೊಂದಿಗೆ ಹೊರಟಿದ್ದರು. ನಡುವೆ ಸಿಡುಬು ಬಂದು ಮಲಗಿ, ಎದ್ದು, ಹಿಡಿದ ಕೆಲಸ ಮುಗಿಸಿಕೊಂಡೇ ಬಂದರು. ನಾನು ಒಂದು ಚಿಪ್ಪು ಏಲಕ್ಕಿ ಬಾಳೆಹಣ್ಣು ಹಿಡಿದು ಹೊರಟೆ. ಕಡೂರಿನಲ್ಲಿ ಬಸ್ಸು ಬದಲಿಸಿದಾಗ ಚಕ್ರದ ಮೇಲಿನ ಸೀಟೇ ಸಿಕ್ಕಿತು. ದಾರಿಯುದ್ದಕ್ಕೂ ಸಾಹೇಬರ ಹೆಂಡತಿಯ ನೆನಪು. ಆಕೆ ಮೊದಲು ತೀರಿಕೊಂಡರು. ಲೋಕದ ಮೇಲೆಲ್ಲ ಹಲ್ಲು ಕಡಿಯುತ್ತಿದ್ದ ಆ ಮನುಷ್ಯ, ತಾನು ಸತ್ತ ಮೇಲೆ ತನ್ನ ಶವದ ಪೆಟ್ಟಿಗೆಯನ್ನೂ ಹೆಂಡತಿಯ ಪೆಟ್ಟಿಗೆಯನ್ನೂ ಕಬ್ಬಿಣದಿಂದ ಬಿಗಿಯಬೇಕು, ಯಾರೂ ಬೇರೆ ಮಾಡಬಾರದು ಎಂದು ಉಯಿಲಿನಲ್ಲಿ ಬರೆಸಿದರಂತೆ. ಅದನ್ನು ನೆನೆದರೆ ಈಗಲೂ ನನಗೆ ಅಳು ಬರುತ್ತದೆ.

ನಾನು ಹೋದಾಗ ಹುಡುಗನ ಅಜ್ಜಿ ತೆಂಗಿನ ಮರದ ಬುಡದಲ್ಲಿ ಕೂತು ಗರಿ ಸೀಳಿ ಪೊರಕೆ ಕಡ್ಡಿ ತೆಗೆಯುತ್ತಿದ್ದರು. ಬಂದ ವಿಷಯವನ್ನು ಸುತ್ತಿಬಳಸದೆ ಹೇಳಿದೆ. ಅವರು ತಲೆ ಎತ್ತಲಿಲ್ಲ.

"ನಿಮ್ಮೂರ ಶಾಸ್ತ್ರ ನೀವು ಮಾಡ್ಕಳಿ. ನಾವೇನೂ ಎದ್ದು ಹೋಗಲ್ಲ" ಎಂದರು. ಆಮೇಲೆ ಕುಡುಗೋಲು ಬದಿಗಿಟ್ಟು, "ಆದ್ರೂ ಮುಂಡೇರಿಗೆ ಯಾತಕ್ಕವ್ವ ವೀಳ್ಯ? ನಮ್ಮನೇರು ಹೋದ ಮೇಲೆ ನಂಗ್ಯಾರು ಕೂಗಿದ್ದಾರೆ? ನಾನೇನು ಸತ್ತೋದ್ನಾ?" ಎಂದರು.

ಎದ್ದು ಹೋಗುವುದಿಲ್ಲ ಎಂಬ ಮಾತು ಸಿಕ್ಕಿತ್ತಲ್ಲ, ನನಗೆ ಅಷ್ಟೇ ಬೇಕಾಗಿತ್ತು. ಉಳಿದದ್ದನ್ನು ಕೇಳಿಸಿಕೊಳ್ಳದವಳ ಹಾಗೆ ಬಾಳೆಹಣ್ಣು ಕೊಟ್ಟು ಬಸ್ಸು ಹತ್ತಿದೆ.

ನಿಶ್ಚಿತಾರ್ಥದ ದಿನ ನಾನು ಅಡುಗೆಮನೆ ಕಡೆ ತಲೆ ಹಾಕಲಿಲ್ಲ. ಚಪ್ಪರದಲ್ಲಿ ಗಂಡಸರ ಮುಂದಿನ ಸಾಲಿಗೇ ಹೋಗಿ ಕುರ್ಚಿಯಲ್ಲಿ ಕೂತೆ. ಪಕ್ಕದವನು ತನ್ನ ಕುರ್ಚಿಯನ್ನು ಅತ್ತ ಜರುಗಿಸಿಕೊಂಡ. ಲಗ್ನಪತ್ರಿಕೆ ಓದಿಯಾಯಿತು. ತಮ್ಮ ಹೇಳಿಟ್ಟಿದ್ದ, ಆದರೂ ಕೂಗುವ ಹಿರಿಯರಿಗೆ ಬಾಯಿಗೆ ಬಂದದ್ದು ರೂಢಿಯ ಹೆಸರೇ. ತುಂಬಿದ ಚಪ್ಪರದಲ್ಲಿ ನನ್ನ ಯಜಮಾನರ ಹೆಸರು ಕೂಗಿದರು.

ಎಷ್ಟು ಕಾಲವಾಗಿತ್ತು ಆ ಹೆಸರನ್ನು ಯಾರಾದರೂ ಜೋರಾಗಿ ಹೇಳಿ! ಹೋಗಲಿ ಬಿಡು, ಅವರ ಹೆಸರಲ್ಲೇ ತೆಗೆದುಕೊಂಡರಾಯಿತು ಎಂದು ಒಂದು ಗಳಿಗೆ ಅನ್ನಿಸಿದ್ದೂ ನಿಜ. ಅಷ್ಟರಲ್ಲಿ ಮೈದುನ ಪಂಚೆ ಸರಿಮಾಡಿಕೊಂಡು ಎದ್ದ.

"ಕೂತ್ಕೊಳಪ್ಪ, ಅದು ನನ್ನ ಮನೆ ವೀಳ್ಯ" ಎಂದೆ.

"ನೀವೇ ತಗೊಳಿ ಮತ್ತೆ ಅತ್ತಿಗೆ" ಎಂದು ಅವನು ನಿಂತಲ್ಲೇ ಹೇಳಿದ.

"ತಗೊಳ್ಳೋಕೆ ನನ್ನ ಹೆಸರು ಕೂಗಿಲ್ವಲ್ಲ."

ಕೂಗುವ ಹಿರಿಯರು ತಟ್ಟೆ ಹಿಡಿದು ಪೇಚಿಗೆ ಸಿಕ್ಕಿಬಿದ್ದರು. ಹಿಂದಕ್ಕೆ ಇಡುವಂತಿಲ್ಲ, ಮುಂದಕ್ಕೆ ಹೋಗುವಂತಿಲ್ಲ. "ಏನಮ್ಮಾ ಟೀಚರಮ್ಮ, ಶುಭಕಾರ್ಯದಲ್ಲಿ ಹಿಂಗೆ ಹಟ ಮಾಡ್ತಾರಾ?" ಎಂದರು. ತಮ್ಮನ ಮುಖ ಬಿಳಿಚಿಕೊಂಡಿತ್ತು. ಹಸೆಯ ಮೇಲಿದ್ದ ಹುಡುಗಿ ಮಾತ್ರ ನನ್ನನ್ನೇ ನೋಡುತ್ತಿದ್ದಳು. ನಾನು ಸೆರಗು ಹೊದ್ದು ಕುರ್ಚಿಗೆ ಒರಗಿ ಕೂತೆ. ಸಾಹೇಬರ ಸ್ಟೂಲಿಗೆ ಬೆನ್ನಿನ ಆಸರೆ ಇರಲಿಲ್ಲ, ನನ್ನ ಕುರ್ಚಿಗಿತ್ತು. ಸಂಜೆಯಾದರೂ ಏಳುವವಳಲ್ಲ ನಾನು.

ಆಗ ಹೆಂಗಸರ ಗುಂಪಿನ ಹಿಂದೆ, ಗೋಡೆಗೆ ಒರಗಿ ಚಾಪೆಯ ಮೇಲೆ ಕೂತಿದ್ದ ಹುಡುಗನ ಅಜ್ಜಿ ಬಾಯಿಬಿಟ್ಟರು. "ಕೂಗ್ರಪ್ಪ, ಅವಳ ಹೆಸ್ರು ಕೂಗಿದ್ರೆ ನಿಮ್ಮ ನಾಲಿಗೆ ಸವೆದೋಯ್ತದಾ?"

ಕೂಗಿದರು. ನಾನು ಎದ್ದುಹೋಗಿ ಎರಡೂ ಕೈ ಒಡ್ಡಿ ತೆಗೆದುಕೊಂಡೆ. ಎಲೆ ಇನ್ನೂ ಒದ್ದೆಯಾಗಿತ್ತು. ಗೆದ್ದೆ ಎಂಬ ಬಿಂಕದಲ್ಲಿ ತಿರುಗಿ ಕುರ್ಚಿಯ ಕಡೆ ಹೆಜ್ಜೆಯಿಟ್ಟಿದ್ದೆ, ಅಜ್ಜಿ ಇನ್ನೂ ಮಾತು ಮುಗಿಸಿರಲಿಲ್ಲ.

"ಆಮೇಲೆ ನಂದೂ ಕೂಗಿ."

ಕೂಗುವವರು ಸೋತ ದನಿಯಲ್ಲಿ, "ನಿಮ್ಮ ಹೆಸ್ರೇನಮ್ಮಾ?" ಎಂದು ಕೇಳಿದರು. ಹುಡುಗನ ತಂದೆ ಹೇಳಲು ಬಾಯಿ ತೆರೆದರು. ಅಜ್ಜಿ ಕೈಯೆತ್ತಿ ಮಗನನ್ನು ಸುಮ್ಮನಿರಿಸಿ, ಗೋಡೆ ಹಿಡಿದು ಎದ್ದು ನಿಂತು, ತಮ್ಮ ಹೆಸರನ್ನು ತಾವೇ ಹೇಳಿದರು.