ಚೀಟಿ ಇಲ್ಲದ ಕ್ಯಾಸೆಟ್ಟು

ರೋಣದಲ್ಲಿ ನನ್ನದೊಂದು ಜೆರಾಕ್ಸ್ ಅಂಗಡಿ ಇದೆ. ಪಹಣಿ, ಆಧಾರ್, ಅಂಕಪಟ್ಟಿ, ಯಾರದೋ ಮರಣದ ದಾಖಲೆ, ಹೀಗೆ ಒಂದಿದ್ದದ್ದನ್ನು ಎರಡು ಮಾಡಿ ಕೊಡುವುದೇ ಇಪ್ಪತ್ತು ವರ್ಷಗಳಿಂದ ನನ್ನ ಉದ್ಯೋಗ. ಬಂದವರಿಗೆಲ್ಲ 'ಎರಡ ಕಾಪಿ ತಗೋರಿ, ಒಂದ ಮನ್ಯಾಗ ಇರ್ಲಿ' ಎಂದು ಬುದ್ಧಿ ಹೇಳುತ್ತೇನೆ. ವ್ಯಾಪಾರದ ಜಾಣತನ ಎಂದು ನಗುವವರಿದ್ದಾರೆ. ನಗಲಿ. ಇದ್ದ ಒಂದೇ ಪ್ರತಿ ಹೋದರೆ ಏನಾಗುತ್ತದೆ ಎನ್ನುವುದು ಅವರಿಗೆ ಗೊತ್ತಿಲ್ಲ.

ನನ್ನ ಅಕ್ಕನಿಗೆ ಲಕ್ವಾ ಹೊಡೆದು ಹನ್ನೆರಡು ವರ್ಷವಾಯಿತು. ಅವಳನ್ನು ಕೊಟ್ಟದ್ದು ರಾಜೂರಿಗೆ. ಈಗಲೂ ಅಲ್ಲೇ ಮಗಳ ಜೊತೆ ಇದ್ದಾಳೆ. ಬಲಗೈ ಹೋಯಿತು, ಕಾಲು ಸ್ವಲ್ಪ ಮಟ್ಟಿಗೆ ತಿರುಗಿ ಬಂತು, ಮಾತು ಮಾತ್ರ ಬರಲಿಲ್ಲ. ಉಳಿದದ್ದು ಎರಡೇ ಶಬ್ದ: 'ಹೌದು' ಮತ್ತು 'ಬ್ಯಾಡ'. ಅವೂ ಬರಬೇಕಾದ ಜಾಗಕ್ಕೇ ಬರುತ್ತವೆಂಬ ಖಾತ್ರಿಯಿಲ್ಲ. ಚಹಾ ಕುಡಿಯುತ್ತೀಯಾ ಎಂದರೆ 'ಬ್ಯಾಡ' ಎನ್ನುತ್ತಲೇ ಎಡಗೈಯನ್ನು ಕಪ್ಪಿನತ್ತ ಚಾಚುತ್ತಾಳೆ. ಗಜೇಂದ್ರಗಡದ ನಮ್ಮ ನೇಕಾರ ಓಣಿಯಲ್ಲಿ ಅವಳ ಬಾಯಿಗೆ ಹೆದರದವರಿರಲಿಲ್ಲ. ನನಗಿಂತ ಏಳು ವರ್ಷಕ್ಕೆ ದೊಡ್ಡವಳು. ನಾನು ಏನಾದರೂ ಕಥೆ ಹೇಳಲು ಕೂತರೆ ನಡುವೆ ಬಾಯಿ ಹಾಕಿ ಅರ್ಧ ಅವಳೇ ಹೇಳಿಬಿಡುತ್ತಿದ್ದಳು. ಪುರ್ತಗೇರಿಯ ಸೋದರಮಾವನ ಹೊಲದಲ್ಲಿ ನಾನು ಹಕ್ಕಿ ಕಾಯ್ದ ಕಥೆ ತೆಗೆದರೆ ಮಾತ್ರ, 'ಚಾ ಇಡ್ತೀನಿ' ಎಂದು ಎದ್ದು ಒಳಗೆ ಹೋಗುತ್ತಿದ್ದಳು. ನೂರು ಸಲ ಕೇಳಿ ಬೇಸತ್ತಿದ್ದಾಳೆ ಎಂದುಕೊಂಡಿದ್ದೆ.

ಹೋದ ದೀಪಾವಳಿಗೆ ರಾಜೂರಿಗೆ ಹೋಗಿದ್ದೆ. ಅಕ್ಕನ ಮೊಮ್ಮಗಳು, ಆರು ವರ್ಷದವಳು, ನನ್ನ ಪಕ್ಕ ಕೂತು ಚಕ್ಕುಲಿ ಮುರಿಯುತ್ತ ಕೇಳಿದಳು: 'ಅಜ್ಜಾ, ನಮ್ಮ ಆಯಿ ಹುಟ್ಟಿದಾಗಿಂದನ ಮೂಕಿ ಏನ?'

'ನಿಮ್ಮ ಆಯಿ ಮೂಕಿ ಅಲ್ಲವಾ. ಆಕಿ ಮಾತಿಗೆ ನಿಂತ್ರ ಇಡೀ ಓಣಿ ಬಾಗಲಾ ಹಾಕ್ಕೊಂತಿತ್ತು' ಎಂದೆ.

ಹುಡುಗಿ ಆಯಿಯನ್ನೊಮ್ಮೆ ನೋಡಿದಳು, ನನ್ನನ್ನೊಮ್ಮೆ ನೋಡಿದಳು, ನಂಬಲಿಲ್ಲ. ಅಕ್ಕ ಮಂಚದ ಮೇಲೆ ಕೂತು ನಮ್ಮಿಬ್ಬರ ಮಾತನ್ನೂ ಕೇಳುತ್ತಿದ್ದಳು. 

ಅವಳ ದನಿ ಎಲ್ಲಾದರೂ ಉಳಿದಿದೆಯೇ ಎಂದು ಆವತ್ತೇ ಯೋಚಿಸತೊಡಗಿದೆ. ಲಕ್ವಾ ಹೊಡೆಯುವ ಮೊದಲು ನಮ್ಮ ಮನೆಗಳಲ್ಲಿದ್ದದ್ದು ಗುಂಡಿ ಒತ್ತುವ ಮೊಬೈಲು, ಅದರಲ್ಲಿ ಯಾರೂ ದನಿ ತುಂಬಿಟ್ಟಿರಲಿಲ್ಲ. ಇನ್ನು ನನ್ನ ಮದುವೆಯ ಸಿ.ಡಿ. ಇತ್ತು. ಅದರಲ್ಲಿ ಅಕ್ಕ ಎಲ್ಲ ಕಡೆಯೂ ಇದ್ದಾಳೆ: ಅರಿಷಿಣ ಹಚ್ಚುತ್ತಾಳೆ, ಬೀಗರನ್ನು ಕಾಡುತ್ತಾಳೆ, ಭಟ್ಟರಿಗೂ ಎದುರು ಮಾತಾಡುತ್ತಾಳೆ. ಆದರೆ ವಿಡಿಯೋ ಮಾಡಿದ ಪುಣ್ಯಾತ್ಮ ಮೊದಲಿನಿಂದ ಕೊನೆಯವರೆಗೆ ಸಿನಿಮಾ ಹಾಡು ತುಂಬಿಬಿಟ್ಟಿದ್ದ. ಮೂರು ತಾಸು ಅಕ್ಕನ ತುಟಿ ಅಲ್ಲಾಡುವುದು ಕಾಣುತ್ತದೆ, ಒಂದು ಅಕ್ಷರವೂ ಕೇಳುವುದಿಲ್ಲ. ಅವನು ಎದುರಿಗೆ ಸಿಕ್ಕರೆ ಕೊರಳಪಟ್ಟಿ ಹಿಡಿಯುತ್ತಿದ್ದೆ.

ಆಗ ನೆನಪಾದದ್ದು ನಾಟಕದ ಕ್ಯಾಸೆಟ್ಟು.

ನಾನು ಒಂಬತ್ತು ವರ್ಷದವನಿದ್ದಾಗಿನ ಮಾತು. ಓಣಿಗೆಲ್ಲ ಒಂದೇ ಟೇಪ್ ರೆಕಾರ್ಡರ್ ಇತ್ತು, ಅದು ನಮ್ಮ ಮನೆಯಲ್ಲಿತ್ತು. ಪಕ್ಕದ ಮನೆಯ ಕಾಕಾ ಸೀರೆ ನೇಯುತ್ತ ನೇಯುತ್ತಲೇ ಒಂದು ನಗೆನಾಟಕ ಕಟ್ಟಿದ್ದರು. ಕನ್ಯೆ ನೋಡಲು ಬಂದ ವರನನ್ನು ಕನ್ಯೆಯೇ ಪರೀಕ್ಷೆ ಮಾಡುವ ಕಥೆ. ಅಪ್ಪ ವರ, ಕಾಕಾ ವರನ ಅಪ್ಪ, ಅಕ್ಕ ಕನ್ಯೆ. ಅದನ್ನು ಟೇಪಿನಲ್ಲಿ ತುಂಬಲು ಅಮಾವಾಸ್ಯೆಯವರೆಗೆ ಕಾಯಬೇಕಾಯಿತು. ಉಳಿದ ದಿನಗಳಲ್ಲಿ ಓಣಿಯ ಮಗ್ಗಗಳ ಸಪ್ಪಳಕ್ಕೆ ಪಕ್ಕದಲ್ಲಿ ಕೂತವರ ಮಾತೇ ಕೇಳುತ್ತಿರಲಿಲ್ಲ. ಅಮಾವಾಸ್ಯೆಗೆ ಮಾತ್ರ ಯಾರೂ ಲಾಳಿ ಮುಟ್ಟುತ್ತಿರಲಿಲ್ಲ. ಆ ಮಧ್ಯಾಹ್ನ ಕಿಟಕಿ ಮುಚ್ಚಿ, ಕೂಸುಗಳನ್ನು ಹೊರಗೆ ಕಳಿಸಿ, ಕುಣಿಮಗ್ಗದ ದಂಡೆಯ ಮೇಲೆ ಟೇಪ್ ಇಟ್ಟು ಶುರುಮಾಡಿದರು. ನಾನು ನೇಯುವವರು ಕಾಲಿಡುವ ಕುಣಿಯೊಳಗೆ ಕಾಲು ಇಳಿಬಿಟ್ಟು, ಬಾಯಿಗೆ ಕೈ ಅಡ್ಡ ಹಿಡಿದು ಕೂತಿದ್ದೆ.

ಅಕ್ಕನ ಒಂದು ಮಾತು ಇನ್ನೂ ಕಿವಿಯಲ್ಲಿದೆ. 'ಸೀರಿ ನೇಯಾವನ ಮಗಳ್ರಿ ನಾ. ದಡಿ ನೋಡೇ ಸೀರಿ ಹ್ಯಾಂಗೈತಿ ಹೇಳ್ತೀನಿ. ನಿಮ್ಮನ್ನ ನೋಡಿದ್ರ...' ಮುಂದಿನದು ನೆನಪಿಲ್ಲ. ಅಲ್ಲಿ ಎಲ್ಲರೂ ನಕ್ಕದ್ದು, ನಾನು ಕೈ ತೆಗೆದು ನಕ್ಕದ್ದು, ಅಪ್ಪ ನನಗೆ ಕಣ್ಣು ಬಿಟ್ಟದ್ದು ಮಾತ್ರ ನೆನಪಿದೆ. ಎರಡು ವರ್ಷದ ನಂತರ ನಿಜವಾಗಿಯೂ ರಾಜೂರಿನಿಂದ ಕನ್ಯೆ ನೋಡಲು ಬಂದಾಗ, ಅಕ್ಕ ಆ ಮಾತನ್ನು ಈಗ ಅಂದಾಳು, ಆಗ ಅಂದಾಳು ಎಂದು ಬಾಗಿಲ ಸಂದಿಯಲ್ಲಿ ನಿಂತು ಕಾದೆ. ಅವಳು ತಲೆ ತಗ್ಗಿಸಿ ಕೂತು ಅವಲಕ್ಕಿ ಕೊಟ್ಟು ಎದ್ದು ಹೋದಳು.

ಆ ಕ್ಯಾಸೆಟ್ಟನ್ನು ಕೆಲವು ತಿಂಗಳು ಓಣಿಯವರೆಲ್ಲ ಬಂದು ಬಂದು ಕೇಳಿದರು. ಆಮೇಲೆ ಒಂದು ದಿನ ಅದು ಇರಲಿಲ್ಲ. ಎಲ್ಲಿ ಹೋಯಿತೆಂದು ನಾನು ಕೇಳಿದಾಗ ಅಪ್ಪ ಮಗ್ಗದಿಂದ ತಲೆ ಎತ್ತದೆ, 'ಯಾರೋ ಒಯ್ದಾರ' ಎಂದಿದ್ದ. ಒಯ್ದವರು ಕಾಕಾನೇ ಎಂದು ನಾನು ತೀರ್ಮಾನಿಸಿದೆ. ನಾಟಕ ಕಟ್ಟಿದವರು ಅವರಲ್ಲವೇ? ಆ ಸಿಟ್ಟನ್ನು ಅವರು ಸಾಯುವವರೆಗೂ ಇಟ್ಟುಕೊಂಡಿದ್ದೆ.

ದೀಪಾವಳಿ ಮುಗಿಸಿ ಹೊರಡುವಾಗ, ಆ ಕ್ಯಾಸೆಟ್ಟು ಹುಡುಕುತ್ತೇನೆ ಎಂದು ಅಕ್ಕನ, ಮೊಮ್ಮಗಳ ಮುಂದೆ ಹೇಳಿದೆ. ಅವಳು ಗಾಬರಿಯಾದವಳಂತೆ ನನ್ನ ಅಂಗಿ ಹಿಡಿದು, 'ಬ್ಯಾಡ, ಬ್ಯಾಡ, ಬ್ಯಾಡ' ಎಂದಳು. ಅವಳ 'ಬ್ಯಾಡ' ನನಗೆ ಗೊತ್ತಿಲ್ಲದ್ದೇ? ಇಷ್ಟು ಆಸೆ ಇದೆ ಎಂದ ಮೇಲೆ ಹುಡುಕಲೇಬೇಕು ಎಂದುಕೊಂಡು ಹೊರಟೆ.

ಅಪ್ಪ ಅವ್ವ ತೀರಿಕೊಂಡ ಮೇಲೆ ಮನೆಯ ಟ್ರಂಕು ನನ್ನಲ್ಲಿಗೇ ಬಂದಿತ್ತು. ಅದರಲ್ಲಿ ಹದಿನಾಲ್ಕು ಕ್ಯಾಸೆಟ್ ಸಿಕ್ಕವು, ಎಲ್ಲವೂ ಹಾಡಿನವು, ಎಲ್ಲದರ ಮೇಲೂ ಬಣ್ಣದ ಚೀಟಿ. ರಿಪೇರಿ ಅಂಗಡಿಯಲ್ಲಿ ಧೂಳು ತಿನ್ನುತ್ತಿದ್ದ ಒಂದು ಟೇಪ್ ತಂದೆ. ಹಾಡು ಮುಗಿದ ಮೇಲಿನ ಖಾಲಿ ಜಾಗದಲ್ಲಾದರೂ ಅಕ್ಕನ ಮಾತು ತುಂಬಿರಬಹುದೆಂದು ಹದಿನಾಲ್ಕನ್ನೂ ಎರಡೂ ಬದಿ ಕೊನೆಯವರೆಗೆ ಕೇಳಿದೆ. ಕೊನೆಯಲ್ಲಿ ಬರೀ ಸುಂಯ್ ಎನ್ನುವ ಸದ್ದು. ನನ್ನ ಹೆಂಡತಿ, 'ಗಿರಾಕಿ ನಿಂತಾವು, ನೀವು ಖಾಲಿ ಕ್ಯಾಸೆಟ್ ಕೇಳಕೋತ ಕುಂತೀರಿ' ಎಂದು ಹಣೆ ಬಡಿದುಕೊಂಡಳು. ಹಳೆಯ ಕ್ಯಾಸೆಟ್ ಕೂಡಿಡುವವರ ವಾಟ್ಸ್ಯಾಪ್ ಗುಂಪೊಂದಕ್ಕೆ ಸೇರಿ ಅಲ್ಲೂ ಬರೆದೆ. ಯಾರ ಯಾರದೋ ನಾಟಕ ಕಳಿಸಿದರು. ಒಬ್ಬರು ದಿನಾ ಬೆಳಿಗ್ಗೆ ಗುಲಾಬಿ ಹೂವಿನ ಚಿತ್ರ ಕಳಿಸತೊಡಗಿದರು. ಇನ್ನೂ ಕಳಿಸುತ್ತಿದ್ದಾರೆ.

ಕಡೆಗೆ ಗಜೇಂದ್ರಗಡಕ್ಕೆ ಹೋಗಿ ಕಾಕಾನ ಮಗನ ಮನೆಯ ಕಟ್ಟೆ ಹತ್ತಿದೆ. ಅವನು ಮಗ್ಗದಲ್ಲಿದ್ದ. ನೀರು ಕೊಟ್ಟ. ನೀರು ಕುಡಿದವನೇ ಎಂಥ ಮಾತಾಡಿದೆ ಎಂದು ಈಗ ನೆನೆದರೆ ನಾಚಿಕೆಯಾಗುತ್ತದೆ. 'ನಿಮ್ಮಪ್ಪ ಒಯ್ದದ್ದನ್ನ ಈಗರೆ ಕೊಡು' ಎಂದುಬಿಟ್ಟೆ.

ಅವನು ಲಾಳಿ ಕೆಳಗಿಟ್ಟ. 'ನಮ್ಮ ಮನ್ಯಾಗ ಹಾಕ್ಕೊಂಡು ಕೇಳಾಕ ಟೇಪ್ ಎಲ್ಲಿತ್ತು? ಕ್ಯಾಸೆಟ್ ಒಯ್ದು ನಮ್ಮಪ್ಪ ಏನ ಮಾಡ್ತಿದ್ದ?' ಎಂದ. ಲಾಳಿ ಮತ್ತೆ ಕೈಗೆತ್ತಿಕೊಂಡು ಹೇಳಿದ: 'ನಿಮ್ಮಪ್ಪನೇ ಅದನ್ನ ನರಗುಂದದ ಕ್ಯಾಸೆಟ್ ಅಂಗಡ್ಯಾವಂಗ ಕಾಪಿ ಮಾಡ್ಕೊಳ್ಳಾಕ ಕೊಟ್ಟಿದ್ದ. ಅಲ್ಲಿ ಹೋಗಿ ಕೇಳು. ಇನ್ನ ಏಳು.'

ನರಗುಂದದ ಆ ಅಂಗಡಿಯಲ್ಲಿ ಈಗ ಮೊಬೈಲಿನ ಕವರು, ಚಾರ್ಜರು ತೂಗುತ್ತವೆ. ಮಾಲೀಕರು ಅವರೇ, ಎಪ್ಪತ್ತು ದಾಟಿದವರು. ಗಜೇಂದ್ರಗಡ, ಅಮಾವಾಸ್ಯೆ, ಕನ್ಯೆ ನೋಡುವ ನಾಟಕ ಎಂದು ನಾನು ಹೇಳುತ್ತಿದ್ದಂತೆ ಅವರ ಮುಖ ಅರಳಿತು.

'ಆ ಹುಡುಗಿ ಭಾಳ ಚಲೋ ಮಾತಾಡಿತ್ರಿ' ಎಂದರು. ಅಕ್ಕನ ಆ ಮಾತನ್ನು ಕೇಳಿದವರು ಇನ್ನೊಬ್ಬರಿದ್ದಾರೆ, ಬದುಕಿದ್ದಾರೆ. 'ನಿಮ್ಮ ಅಪ್ಪಾರ ಕ್ಯಾಸೆಟ್ ತಿರುಗಿ ಕೊಟ್ಟು, ಒಂದ ಕಾಪಿ ನಾ ಇಟ್ಕೊಂಡಿದ್ನಿ, ಖರೇ. ಆಮ್ಯಾಲ ಅದರ ಮ್ಯಾಲ ಹಾಡ ತುಂಬಿ ಮಾರಿಬಿಟ್ನಿ. ಖಾಲಿ ಕ್ಯಾಸೆಟ್ ಸಿಗೂದು ತ್ರಾಸ ಇತ್ತು ಆಗ. ನಿಮ್ಮ ಅಪ್ಪಾರಿಗೂ ಇದನ್ನ ಹೇಳಿ ಕಳಿಸಿದ್ನೆಲ್ರಿ.'

'ಅಪ್ಪ ಬಂದಿದ್ದನೇನ್ರಿ?'

'ಬಂದಿದ್ರಲ್ಲ. ಮನ್ಯಾಗಿನ ಕ್ಯಾಸೆಟ್ಟಿನ ರೀಲ್ ನಮ್ಮ ಹುಡುಗ ಬಿಚ್ಚಿ ಹೊಲಕ್ಕ ಕಟ್ಯಾನ, ಹಕ್ಕಿ ಹೆದರ್ಸಾಕ. ನಿಮ್ಮಲ್ಲಿ ಇದ್ರ ಕೊಡ್ರಿ ಅಂತ ಭಾಳ ಹೊತ್ತು ಇಲ್ಲೇ ನಿಂತಿದ್ರು. ಹುಡುಗಗ ಎರಡ ಏಟ ಹಾಕಿದ್ರಿಲ್ಲೋ ಅಂತ ಕೇಳಿದ್ನಿ. ಇಲ್ರಿ, ಅವಂಗ ಹೇಳೇ ಇಲ್ಲ, ಹೇಳಿದ್ರ ಹುಡುಗ ಮನಸಿಗೆ ಹಚ್ಕೊಂತಾನ, ಹೇಳಬ್ಯಾಡ ಅಂತ ಅವನ ಅಕ್ಕ ಹಟಾ ಹಿಡದಾಳ ಅಂದ್ರು.' ಅವರು ಚಾರ್ಜರಿನ ಗಂಟು ಬಿಡಿಸುತ್ತ ಕೇಳಿದರು: 'ಆ ಹುಡುಗ ಅಂದ್ರ ನಿಮ್ಮ ತಮ್ಮ ಏನ್ರಿ?'

'ಹೌದ್ರಿ, ತಮ್ಮ' ಎಂದೆ. ನನಗೆ ತಮ್ಮನಿಲ್ಲ.

ಆ ವರ್ಷ ಪುರ್ತಗೇರಿಯ ಹೊಲದಲ್ಲಿ ಜೋಳ ಹಾಲು ತುಂಬಿ ನಿಂತಿತ್ತು. ಗುಬ್ಬಿ, ಗಿಳಿ ಹಿಂಡು ಹಿಂಡಾಗಿ ಇಳಿಯುತ್ತಿದ್ದವು. 'ಮನ್ಯಾಗ ಕೆಟ್ಟ ಕ್ಯಾಸೆಟ್ ಇದ್ರ ತಗೊಂಡ ಬಾರಪಾ, ರೀಲ್ ಕಟ್ಟೂಣು' ಎಂದು ಸೋದರಮಾವ ಹೇಳಿದ್ದ. ನಾನು ಮನೆಗೆ ಬಂದು ಕ್ಯಾಸೆಟ್ಟಿನ ಪೆಟ್ಟಿಗೆ ನೋಡಿದೆ. ಬಣ್ಣದ ಚೀಟಿ ಇದ್ದವು ಒಳ್ಳೆಯವು, ಚೀಟಿ ಇಲ್ಲದವು ಕೆಟ್ಟವು, ಇದು ನನ್ನ ಲೆಕ್ಕ. ಚೀಟಿ ಇಲ್ಲದವು ನಾಲ್ಕು ಇದ್ದವು. ಮನೆಯಲ್ಲೇ ತುಂಬಿದ ನಾಟಕಕ್ಕೆ ಚೀಟಿ ಎಲ್ಲಿಂದ ಬರಬೇಕು? ನಾಲ್ಕನ್ನೂ ಚಡ್ಡಿ ಕಿಸೆಯಲ್ಲಿ ತುರುಕಿಕೊಂಡು ಓಡಿದೆ. ಗೂಟಕ್ಕೆ ಒಂದು ತುದಿ ಕಟ್ಟಿ, ಕ್ಯಾಸೆಟ್ಟಿಗೆ ಪೆನ್ಸಿಲ್ ಸಿಕ್ಕಿಸಿ, ಸಾಲುಗಳ ನಡುವೆ ಓಡುತ್ತಾ ಓಡುತ್ತಾ ರೀಲು ಬಿಚ್ಚಿದ್ದು ನನ್ನ ಬಾಲ್ಯದ ಎಲ್ಲಕ್ಕಿಂತ ಸಂತೋಷದ ದಿನ. ಬಿಸಿಲಿಗೆ ಹೊಲವೆಲ್ಲ ಮಿಂಚುತ್ತಿತ್ತು. ಗಾಳಿ ಬಂದರೆ ರೀಲು ಗುಂಯ್ ಎನ್ನುತ್ತಿತ್ತು, ಹಕ್ಕಿಗಳು ಭರ್ರನೆ ಏಳುತ್ತಿದ್ದವು. ಈ ಕಥೆಯನ್ನು ನನ್ನ ಮದುವೆಯಲ್ಲಿ ಹೇಳಿದ್ದೇನೆ, ನನ್ನ ಮಕ್ಕಳಿಗೆ ಹೇಳಿದ್ದೇನೆ, ಅಕ್ಕನ ಎದುರಿಗೇ ಕೈ ಬೀಸಿ ಬೀಸಿ ಹೇಳಿದ್ದೇನೆ. ಅವಳು ಚಹಾ ಇಡಲು ಎದ್ದು ಹೋಗುತ್ತಿದ್ದಳು. ಹೊಲವೊಂದು ನೆನಪು, ಕ್ಯಾಸೆಟ್ಟೊಂದು ನೆನಪು ಎಂದು ಸುಮಾರು ನಲವತ್ತು ವರ್ಷ ಎರಡನ್ನೂ ಬೇರೆ ಬೇರೆಯಾಗಿ ಇಟ್ಟುಕೊಂಡು ಬಂದವನು ನಾನು.

ನರಗುಂದದಿಂದ ರೋಣಕ್ಕೆ ಬರುವ ಬಸ್ಸಿನಲ್ಲಿ ಕಾಕಾನ ಮೇಲೆ ಇಟ್ಟುಕೊಂಡಿದ್ದ ಸಿಟ್ಟು ನೆನಪಾಯಿತು. ಕಾಕಾನ ಮಗನಲ್ಲಿಗೆ ಹೋಗಿ ತಪ್ಪಾಯಿತು ಅನ್ನಬೇಕು. ಇನ್ನೂ ಹೋಗಿಲ್ಲ.

ಮರುವಾರ ರಾಜೂರಿಗೆ ಹೋದೆ. ಅಕ್ಕನ ಮಗಳು ಹಿತ್ತಲಲ್ಲಿ ಬಟ್ಟೆ ಒಗೆಯುತ್ತಿದ್ದಳು. ಮಂಚದ ಬಳಿ ಕೂತು ಹೊಲದ ಕಥೆ ತೆಗೆದೆ. ಈ ಸಲ ಅಕ್ಕ ಎದ್ದು ಹೋಗುವಂತಿರಲಿಲ್ಲ. ನರಗುಂದದವರು ಹೇಳಿದ್ದನ್ನೂ ಸೇರಿಸಿ ಎಲ್ಲ ಹೇಳಿದೆ.

'ನಿನಗ ಆವಾಗಿಂದ ಗೊತ್ತಿತ್ತೇನಕ್ಕಾ?'

'ಹೌದು' ಎಂದಳು.

'ನನಗ ಹೇಳಬ್ಯಾಡ ಅಂತ ಅಪ್ಪಗ ಅಂದಾಕಿ ನೀನ ಏನು?'

'ಹೌದು.'

ನಾನು ಅತ್ತೆ. ಐವತ್ತರ ಹತ್ತಿರ ಬಂದ ಗಂಡಸು ಮಂಚದ ಅಂಚಿಗೆ ಹಣೆ ಇಟ್ಟು ಅತ್ತೆ. ಅವಳು ಎಡಗೈಯಿಂದ ನನ್ನ ತಲೆಗೂದಲನ್ನು ಒಮ್ಮೆ ಎಳೆದಳು, ಚಿಕ್ಕವನಿದ್ದಾಗ ಎಳೆಯುತ್ತಿದ್ದಷ್ಟೇ ಜೋರಾಗಿ.

ಅಷ್ಟರಲ್ಲಿ ಮೊಮ್ಮಗಳು ಸಾಲಿಯಿಂದ ಬಂದಳು. ಚೀಲ ಇನ್ನೂ ಬೆನ್ನ ಮೇಲೇ ಇತ್ತು. 'ಅಜ್ಜಾ, ಆಯಿ ಮಾತಾಡೂ ಕ್ಯಾಸೆಟ್ ಸಿಕ್ತೇನ?' ಎಂದು ಕೇಳಿದಳು.

ಮಗುವಿಗಾದರೂ ನಿಜ ಹೇಳಿಬಿಡೋಣ ಎನಿಸಿತು. ಕಣ್ಣೊರೆಸಿಕೊಂಡು, 'ಇಲ್ಲವಾ, ಅದನ್ನ ನಾನ...' ಎಂದು ಶುರುಮಾಡಿದೆ.

'ಬ್ಯಾಡ' ಎಂದಳು ಅಕ್ಕ. ನನ್ನತ್ತ ನೋಡಿ, ಬೈಯುವ ದನಿಯಲ್ಲಿ, ಮತ್ತೊಮ್ಮೆ, 'ಬ್ಯಾಡ.'

ಆ ಶಬ್ದ ಆವತ್ತು ಜಾಗ ತಪ್ಪಿರಲಿಲ್ಲ. ದೀಪಾವಳಿಯಲ್ಲೂ ತಪ್ಪಿರಲಿಲ್ಲ. ಹುಡುಗಿ ನನ್ನ ಮುಖವನ್ನೇ ನೋಡುತ್ತ ನಿಂತಿದ್ದಳು.

'ಯಾರೋ ಒಯ್ದಾರವಾ' ಎಂದೆ.